ಐದು ತುಂಬಿದರೆ ಮಗು ಯಾರದು?

ಪಕ್ಕದ ಮನೆಯಲ್ಲಿ ತಿಂಗಳು ಎಣಿಸುತ್ತಿದ್ದಾರೆ. ಬಸುರಿಗೂ ಅಲ್ಲ, ಬಾಣಂತಿಗೂ ಅಲ್ಲ. ನಾಲ್ಕು ವರ್ಷ ಎಂಟು ತಿಂಗಳಿನ ಒಂದು ಹೆಣ್ಣು ಮಗುವಿಗೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಎಲ್ಲವನ್ನೂ ಗುರುತು ಹಾಕುವ ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಆ ಮಗುವಿಗೆ ಐದು ತುಂಬುವ ತಾರೀಖಿಗೂ ಒಂದು ಕೆಂಪು ಸುತ್ತು ಬಿದ್ದಿದೆ. ಮಗುವಿನ ತಾಯಿ, ಅಂದರೆ ಆ ಮನೆಯ ಮಗಳು, ಒಂದು ಸೂಟ್‌ಕೇಸು ಹಿಡಿದು ತವರಿಗೆ ಬಂದು ಎರಡು ತಿಂಗಳಾಯಿತು. ಯಾಕೆ ಬಂದಳೆಂಬುದು ಅವಳ ಮಾತು, ಇಲ್ಲಿ ಬೇಡ.

ಮೊನ್ನೆ ಅವಳ ತಾಯಿ ಕಾಫಿ ಕೊಡುತ್ತಾ ಹೇಳಿದರು: "ಇನ್ನು ನಾಲ್ಕೇ ತಿಂಗಳು ಟೀಚರಮ್ಮ. ಐದು ತುಂಬಿದರೆ ಮಗು ಅಪ್ಪನ ಪಾಲಂತಲ್ಲ. ಅಷ್ಟರೊಳಗೆ ರಾಜಿ ಮಾಡಿಕೊಂಡು ಬಿಡೋಣ ಅಂತಾರೆ ಇವರು. ಒಡವೆ ಬೇಡ, ಜೀವನಾಂಶ ಬೇಡ, ಮಗಳ ಖರ್ಚಿಗೂ ಒಂದು ಕಾಸು ಬೇಡ, ಮಗು ಒಂದನ್ನು ಬಿಟ್ಟುಕೊಟ್ಟರೆ ಸಾಕು ಅಂತ ಬರೆದುಕೊಟ್ಟುಬಿಡೋದು."

ಕಾಫಿ ಲೋಟ ಕೆಳಗಿಟ್ಟೆ. ನನಗೆ ಬಂದ ಸಿಟ್ಟು ಆ ತಾಯಿಯ ಮೇಲಲ್ಲ. ಇದೇ ಮಾತನ್ನು, ಇದೇ ತಿಪಟೂರಿನಲ್ಲಿ, 2010ರಲ್ಲಿ ನನಗೂ ಹೇಳಿದ್ದರು. ನಾನು ನಂಬಿದ್ದೆ. ನಂಬಿ ಮಾಡಿದ್ದನ್ನು ಇವತ್ತು ನೆನೆದರೆ ನಾಚಿಕೆಯಾಗುತ್ತದೆ. ಕಾಲೇಜು ಓದಿದವರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ನನ್ನ ಹಾಗೆ ಹೈಸ್ಕೂಲಿನಲ್ಲಿ ಪಾಠ ಹೇಳುವವರು ಕೂಡ ಈ ಮಾತನ್ನು ಕಾನೂನೆಂದೇ ತಿಳಿದಿದ್ದೇವೆ. ಅದು ಕಾನೂನಲ್ಲ. ಅರ್ಧ ಕೇಳಿಸಿಕೊಂಡು, ಇನ್ನರ್ಧ ಗಂಡನ ಮನೆಯವರಿಗೆ ಅನುಕೂಲವಾಗುವಂತೆ ಸೇರಿಸಿದ ಒಂದು ಸುಳ್ಳು. ಈ ಸುಳ್ಳಿನ ಜೊತೆ ಜಗಳ ತೆಗೆಯುವುದಕ್ಕೇ ನಾನು ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಐದು ಎಲ್ಲಿಂದ ಬಂತು ನೋಡೋಣ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯಿದೆಯ ಆರನೆಯ ಸೆಕ್ಷನ್ನಿನಲ್ಲಿ ಒಂದು ಮಾತಿದೆ: ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯಲ್ಲಿರಬೇಕು. ಅಷ್ಟೇ. ಐದು ತುಂಬಿದ ಮಾರನೆಯ ದಿನ ಮಗುವಿನ ಬಟ್ಟೆಬರೆ ಕಟ್ಟಿ ಅಪ್ಪನ ಮನೆಗೆ ಕಳಿಸಿ ಎಂದು ಆ ಸೆಕ್ಷನ್ನಿನಲ್ಲಿಲ್ಲ, ಬೇರೆ ಯಾವ ಸೆಕ್ಷನ್ನಿನಲ್ಲೂ ಇಲ್ಲ. ಎಳೆಯ ಮಗುವಿಗೆ ತಾಯಿ ಬೇಕೆಂದು ಕೊಟ್ಟ ಒಂದು ರಕ್ಷಣೆಯನ್ನು ನಾವು ತಿರುವಿ ಹಾಕಿ ತಾಯಿಯ ಕೊರಳಿಗೇ ಗಡುವಾಗಿ ಕಟ್ಟಿದ್ದೇವೆ.

ಅದೇ ಕಾಯಿದೆಯಲ್ಲಿ ಇನ್ನೊಂದು ಸೆಕ್ಷನ್ ಇದೆ, ಹದಿಮೂರನೆಯದು. ಅದು ನಮ್ಮ ಬೀದಿಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮುಖ್ಯ ಎನ್ನುತ್ತದೆ ಅದು. ಮಗುವಿಗೆ ಎರಡಾಗಿರಲಿ, ಹನ್ನೆರಡಾಗಿರಲಿ, ನ್ಯಾಯಾಧೀಶರು ನೋಡಬೇಕಾದ್ದು ಇದನ್ನೇ. ಈಗ ಮಗುವನ್ನು ನೋಡಿಕೊಳ್ಳುತ್ತಿರುವವರು ಯಾರು? ಶಾಲೆ ಎಲ್ಲಿ? ಕಾಯಿಲೆ ಬಿದ್ದರೆ ರಾತ್ರಿ ಎದ್ದು ಕೂರುವವರು ಯಾರು? ಮಗುವಿಗೆ ಯಾರ ಬಳಿ ಹೆದರಿಕೆಯಿಲ್ಲ? ತಿಳಿಯುವ ವಯಸ್ಸಾಗಿದ್ದರೆ ಅದರ ಮನಸ್ಸೇನು? ಹೆಚ್ಚು ಸಂಬಳ ಯಾರಿಗೆ ಎಂಬುದೊಂದರಿಂದಲೇ ಇದು ತೀರ್ಮಾನವಾಗುವುದಿಲ್ಲ. ಅಪ್ಪನಿಗೆ ಹಣವಿದ್ದರೆ ಮಗುವಿನ ಖರ್ಚನ್ನು ಅವನಿಂದ ಕೊಡಿಸಬಹುದು. ಅದಕ್ಕಾಗಿ ಮಗುವನ್ನೇ ಕೊಡಬೇಕಾಗಿಲ್ಲ. ಮಕ್ಕಳು ತಂದೆತಾಯಿಯರ ಸ್ವತ್ತೂ ಅಲ್ಲ, ಆಟದ ಬೊಂಬೆಯೂ ಅಲ್ಲ ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟು 1973ರಷ್ಟು ಹಿಂದೆಯೇ ಹೇಳಿದೆ. ಐವತ್ತು ವರ್ಷ ಕಳೆದರೂ ಅದು ನಮ್ಮ ಜಗಲಿಗೆ ಬಂದು ಮುಟ್ಟಿಲ್ಲ.

ಹಾಗೆಂದು ಕಾಯಿದೆಯೇನೂ ಹೆಣ್ಣಿನ ಪಕ್ಷಪಾತಿಯಲ್ಲ. ಅದೇ ಆರನೆಯ ಸೆಕ್ಷನ್ ಮಗುವಿನ ಸಹಜ ಪೋಷಕ ತಂದೆ, ಅವನ ನಂತರ ತಾಯಿ ಎಂದು ಸಾಲು ಹಚ್ಚಿ ನಿಲ್ಲಿಸಿದೆ. ಲೇಖಕಿ ಗೀತಾ ಹರಿಹರನ್ ತಮ್ಮ ಅಪ್ರಾಪ್ತ ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಹೋದಾಗ ತಂದೆಯ ಸಹಿ ಬೇಕೆಂದು ರಿಸರ್ವ್ ಬ್ಯಾಂಕು ಅರ್ಜಿಯನ್ನು ಹಿಂದಿರುಗಿಸಿತು. ಅವರು ಸುಮ್ಮನಾಗಲಿಲ್ಲ. 1999ರಲ್ಲಿ ಸುಪ್ರೀಂ ಕೋರ್ಟು ಹೇಳಿತು: 'ಅವನ ನಂತರ' ಎಂದರೆ ಅವನು ಸತ್ತ ಮೇಲೆ ಎಂದಷ್ಟೇ ಅಲ್ಲ, ತಂದೆ ಮಗುವಿನ ಹೊಣೆ ಹೊರದೆ ದೂರವಿದ್ದರೂ ತಾಯಿಯೇ ಪೋಷಕಿ. ಒಳ್ಳೆಯದೇ. ಆದರೆ ಅವನಿದ್ದೂ, ಇಬ್ಬರೂ ಕೂಡಿ ಬೆಳೆಸುತ್ತಿದ್ದಾಗ ತಾಯಿ ಸಮಾನಳಾಗಬಾರದೇಕೆ? ಕಾನೂನು ಆಯೋಗ 2015ರಲ್ಲಿ ತನ್ನ 257ನೆಯ ವರದಿಯಲ್ಲಿ ತಂದೆತಾಯಿ ಇಬ್ಬರನ್ನೂ ಸಮಾನರನ್ನಾಗಿಸಿ, ಮಗುವಿನ ಪಾಲನೆಯನ್ನು ಜಂಟಿಯಾಗಿ ಕೊಡಲೂ ಕಾಯಿದೆಯಲ್ಲೇ ಅವಕಾಶ ಮಾಡಿ ಎಂದು ಶಿಫಾರಸು ಮಾಡಿತು. ಕಾಯಿದೆಯ ಆ ಸಾಲು ಮಾತ್ರ ಹಾಗೆಯೇ ಇದೆ. ನನ್ನ ಜಗಳ ಆ ಸಾಲಿನ ಜೊತೆಗೂ ಇದೆ.

ಮುಸ್ಲಿಂ, ಕ್ರೈಸ್ತ ಗೆಳತಿಯರು ಕೇಳಬಹುದು, ನಮ್ಮ ಗತಿ ಏನು ಅಂತ. ಅವರವರ ವೈಯಕ್ತಿಕ ಕಾನೂನಿನಲ್ಲಿ ಬೇರೆ ಬೇರೆ ನಿಯಮಗಳಿವೆ. ಆದರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆ ಎಲ್ಲ ಧರ್ಮದ ಮಕ್ಕಳಿಗೂ ಅನ್ವಯಿಸುತ್ತದೆ. ಅದರ ಕೆಳಗೆ ಅರ್ಜಿ ಬಂದಾಗ ಮಗುವಿನ ಕ್ಷೇಮದ ಪ್ರಶ್ನೆಯನ್ನು ಯಾವ ನ್ಯಾಯಾಲಯವೂ ಪಕ್ಕಕ್ಕಿಡುವಂತಿಲ್ಲ.

ಇಷ್ಟೆಲ್ಲ ಇದ್ದೂ ಈ ಐದರ ಸುಳ್ಳು ಯಾಕೆ ಬದುಕಿದೆ? ಅದರಿಂದ ಲಾಭವಿರುವವರು ಇದ್ದಾರೆ, ಅದಕ್ಕೆ. ಜೀವನಾಂಶದ ನೋಟೀಸು ಕೈಗೆ ಬಂದ ವಾರವೇ ಮಗು ಬೇಕೆಂದು ಅರ್ಜಿ ಹಾಕುವ ಗಂಡಸರನ್ನು ನಾನು ಕೋರ್ಟಿನ ಹಜಾರದಲ್ಲಿ ಕಣ್ಣಾರೆ ಕಂಡಿದ್ದೇನೆ. ಅಲ್ಲಿಯತನಕ ಮಗು ಎಷ್ಟನೇ ಕ್ಲಾಸು ಎಂದು ಅವರಿಗೆ ಗೊತ್ತಿರುವುದಿಲ್ಲ. ತಾಯಿಗೆ ಮಗು ಕಳೆದುಕೊಳ್ಳುವ ಹೆದರಿಕೆ ಹುಟ್ಟಿಸಿದರೆ ಅವಳು ಒಡವೆ ಬಿಡುತ್ತಾಳೆ, ಮನೆ ಬಿಡುತ್ತಾಳೆ, ತಿಂಗಳ ಹಣ ಬಿಡುತ್ತಾಳೆ. ಬಂಧುಗಳು ಇದಕ್ಕೆ 'ರಾಜಿ' ಎಂದು ಹೆಸರಿಡುತ್ತಾರೆ. ಅಕ್ಕಂದಿರೇ, ನಿಮ್ಮ ಜೀವನಾಂಶ ಬಿಡುವುದು ಬಿಡದಿರುವುದು ನಿಮ್ಮ ಇಷ್ಟ. ಮಗುವಿನ ಪೋಷಣೆಯ ಹಣ ಮಗುವಿನ ಹಕ್ಕು. ಅದನ್ನು ಬರೆದುಕೊಡುವುದಕ್ಕೆ ನಾವು ಯಾರು? ಮೊದಲು ಕ್ರಿಮಿನಲ್ ಪ್ರಕ್ರಿಯೆ ಸಂಹಿತೆಯ 125ನೆಯ ಸೆಕ್ಷನ್ನಿನಲ್ಲಿದ್ದ ಆ ಹಕ್ಕು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಸೆಕ್ಷನ್ನಿನಲ್ಲಿದೆ. ನಂಬರು ಬದಲಾಯಿತು, ಹಕ್ಕು ಹೋಗಲಿಲ್ಲ.

ಇನ್ನು ನನ್ನ ಕಥೆ. ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ನಾನು ದಾವಣಗೆರೆಯಿಂದ ತವರಿಗೆ ಬಂದಾಗ ಸೋದರಮಾವ ಒಬ್ಬರು ವಕೀಲರ ಬಳಿ ಕರೆದೊಯ್ದರು. "ನಮ್ಮ ತೆಂಗಿನ ತೋಟದ ಕೇಸು ಹನ್ನೊಂದು ವರ್ಷ ನಡೆಸಿ ಗೆದ್ದುಕೊಟ್ಟವರು" ಎಂಬುದೇ ಅವರ ಅರ್ಹತೆ. ತೋಟ ಹನ್ನೊಂದು ವರ್ಷ ಕಾಯುತ್ತದೆ. ಮಗು ಕಾಯುತ್ತದೆಯೇ? ಹನ್ನೊಂದು ವರ್ಷದಲ್ಲಿ ಅದಕ್ಕೆ ಮೀಸೆ ಬರುತ್ತದೆ. ಈ ಸಣ್ಣ ಮಾತು ಆಗ ನನಗೆ ಹೊಳೆಯಲಿಲ್ಲ. ವಕೀಲರು ಎದೆ ತಟ್ಟಿ ಹೇಳಿದರು: "ಗ್ಯಾರಂಟಿ ಗೆಲ್ಲುತ್ತೇವಮ್ಮಾ. ಒಂದು ಕೆಲಸ ಮಾಡಿ, ಮಗುವನ್ನು ಅವನಿಗೆ ತೋರಿಸಲೇಬೇಡಿ. ಐದು ತುಂಬುವತನಕ ಎಳೆದರೆ ಮಗು ಅಪ್ಪನನ್ನು ಮರೆಯುತ್ತೆ." ಇಡಿಯಾಗಿ ಫೀಜು ತೆಗೆದುಕೊಂಡರು, ರಸೀದಿ ಕೊಡಲಿಲ್ಲ. ಟೈಪಾದ ಹದಿನಾಲ್ಕು ಪುಟ ಇಂಗ್ಲಿಷಿನಲ್ಲಿತ್ತು. ನನಗೆ ಇಂಗ್ಲಿಷ್ ಓದಲು ಬರುತ್ತದೆ. ಗಂಡ ದಿನಾ ಕುಡಿದು ಮಗುವನ್ನು ಹೊಡೆಯುತ್ತಿದ್ದನೆಂದು ಅದರಲ್ಲಿತ್ತು. ಅವನು ನನಗೆ ಮಾಡಿದ್ದು ಬೇಕಾದಷ್ಟಿತ್ತು. ಮಗುವಿನ ಮೇಲೆ ಮಾತ್ರ ಅವನು ಒಂದು ದಿನವೂ ಕೈ ಮಾಡಿರಲಿಲ್ಲ. "ಕೇಸಿಗೆ ಬಲ ಬೇಕಲ್ಲಮ್ಮಾ" ಎಂದರು. ಸಹಿ ಹಾಕಿದೆ.

2011ರಲ್ಲಿ ಮಧ್ಯಂತರ ಆದೇಶವಾಯಿತು: ಮಗು ನನ್ನ ಬಳಿ, ಎರಡನೆಯ ಮತ್ತು ನಾಲ್ಕನೆಯ ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತಂದೆಯ ಬಳಿ. ಅವನು ದಾವಣಗೆರೆಯಿಂದ ಬೆಳಗಿನ ಜಾವದ ರೈಲು ಹತ್ತಿ ಬಂದು ನಮ್ಮ ಗೇಟಿನ ಹೊರಗೆ ನಿಲ್ಲುತ್ತಿದ್ದ. ಕೈಯಲ್ಲಿ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ. ವಕೀಲರು ಹೇಳಿಕೊಟ್ಟಿದ್ದರು, ಜ್ವರ ಅನ್ನಿ ಅಂತ. ಮೂರು ಭಾನುವಾರ ನನ್ನ ಮಗನಿಗೆ ಜ್ವರ ಬಂತು. ಒಳಗೆ ಅವನು ಮಂಚದ ಮೇಲೆ ಕೂತು, ಹೊರಗೆ ಅಪ್ಪನ ದನಿ ಕೇಳಿಸಿಕೊಳ್ಳುತ್ತಿದ್ದ. ನಮ್ಮಮ್ಮ ಅವನ ಬಾಯಿಗೆ ಲಡ್ಡು ಇಡುತ್ತಿದ್ದಳು. ನಾನು ಗೇಟಿನ ಹತ್ತಿರ ನಿಂತು ಸುಳ್ಳು ಹೇಳುತ್ತಿದ್ದೆ. ಗೆದ್ದೆ ಅನ್ನಿಸುತ್ತಿತ್ತು. ಇದನ್ನು ಬಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

ಮುಂದಿನ ವರ್ಷ ಜನವರಿಯಲ್ಲಿ ನ್ಯಾಯಾಧೀಶರು ಮಗನನ್ನು ತಮ್ಮ ಚೇಂಬರಿಗೆ ಕರೆದು ಮಾತಾಡಿಸಿದರು. ನಂತರ ನನ್ನನ್ನು ಕರೆದರು. ಗದರಲಿಲ್ಲ. "ನಿಮ್ಮ ಮಗ ತುಂಬ ಚೆನ್ನಾಗಿ ಮಾತಾಡುತ್ತಾನೆ. ತನಗೆ ಜ್ವರ ಬಂದಿರಲಿಲ್ಲ ಅಂತ ಹೇಳಿದ" ಎಂದರು. ಮಗುವನ್ನು ಇನ್ನೊಬ್ಬರಿಂದ ದೂರ ಮಾಡುವವರ ಬಳಿ ಮಗು ಇರುವುದು ಕ್ಷೇಮವೇ ಎಂದು ತಾವು ಯೋಚಿಸಬೇಕಾಗುತ್ತದೆ ಎಂದೂ ಹೇಳಿದರು. ಅವತ್ತು ನಾನು ಮಗನನ್ನು ಕಳೆದುಕೊಳ್ಳುವಷ್ಟು ಹತ್ತಿರ ಹೋಗಿದ್ದೆ. ಅವನಿಗೆ ಐದು ತುಂಬಿದ್ದರಿಂದಲ್ಲ. ನನ್ನ ಸುಳ್ಳಿನಿಂದ, ನಾನು ಆರಿಸಿಕೊಂಡ ವಕೀಲರಿಂದ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ನನಗೆ ಸಿಕ್ಕ ಎರಡನೆಯ ವಕೀಲರು ನನಗಿಂತ ಹಿರಿಯ ಹೆಂಗಸು. ಫೈಲನ್ನು ಪೂರ್ತಿ ಓದಿ, ಕನ್ನಡಕ ತೆಗೆದಿಟ್ಟು ಕೇಳಿದರು: "ನೋಡಮ್ಮ, ಅವನು ಎಂಥ ಗಂಡ ಅನ್ನೋದು ಒಂದು ಕೇಸು. ಎಂಥ ಅಪ್ಪ ಅನ್ನೋದು ಇನ್ನೊಂದು ಕೇಸು. ಎರಡನ್ನೂ ಯಾಕೆ ಕಲಸಿದ್ದೀಯ?" ನಾನು ಅತ್ತೆ. ಅಳು ನಿಲ್ಲುವತನಕ ಸುಮ್ಮನಿದ್ದು, ಆಮೇಲೆ ಅರ್ಜಿಯಲ್ಲಿರುವ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪಿದರೆ ಮಾತ್ರ ವಕಾಲತ್ತು ಹಾಕುತ್ತೇನೆ ಎಂದರು. ಆ ಹೊತ್ತಿಗೆ ಕಹಿಯೆನಿಸಿದ ಮಾತು ನನ್ನ ಮಗನನ್ನು ಉಳಿಸಿತು.

ನಾವು ಆಡುವ ಮಾತುಗಳನ್ನೇ ನೋಡಿ. ಕೋರ್ಟಿನ ಕನ್ನಡದಲ್ಲಿ ಮಗುವಿನ 'ಸುಪರ್ದಿ' ಎನ್ನುತ್ತಾರೆ. ಪೊಲೀಸರು ಹಿಡಿದಿಟ್ಟ ಮೋಟಾರ್ ಬೈಕನ್ನು ಬಿಡಿಸಿಕೊಳ್ಳುವಾಗಲೂ ಇದೇ ಮಾತು. ಅಪ್ಪನ ಭೇಟಿಗೆ ನಾವು ಹೆಂಗಸರು 'ಮಗು ತೋರಿಸೋದು' ಎನ್ನುತ್ತೇವೆ, ಜಾತ್ರೆಯಲ್ಲಿ ಏನನ್ನೋ ತೋರಿಸಿದ ಹಾಗೆ. ತೋರಿಸುವುದಕ್ಕೆ ನಮಗೇನು ಅಧಿಕಾರ? ಅಪ್ಪನನ್ನೂ ಅಮ್ಮನನ್ನೂ ಇಬ್ಬರನ್ನೂ ಕಾಣುವುದು ಮಗುವಿನ ಹಕ್ಕು. ಒಬ್ಬರ ಬಳಿ ಇರುವ ಮಗುವಿಗೆ ಇನ್ನೊಬ್ಬರ ಪ್ರೀತಿ ತಪ್ಪಬಾರದು, ದೂರದಲ್ಲಿದ್ದರೆ ವಿಡಿಯೊ ಕಾಲಿನಲ್ಲಾದರೂ ಸಂಪರ್ಕವಿರಬೇಕು ಎಂಬ ಅರ್ಥದಲ್ಲಿ ಸುಪ್ರೀಂ ಕೋರ್ಟು 2020ರ ತೀರ್ಪೊಂದರಲ್ಲಿ ಹೇಳಿದೆ. ನಮ್ಮ ಕರ್ನಾಟಕ ಹೈಕೋರ್ಟೇ 2013ರಲ್ಲಿ ಒಬ್ಬ ಹುಡುಗನನ್ನು ವರ್ಷದಲ್ಲಿ ಆರು ತಿಂಗಳು ತಂದೆಯ ಬಳಿ, ಆರು ತಿಂಗಳು ತಾಯಿಯ ಬಳಿ ಇರಿಸುವ ಜಂಟಿ ಪಾಲನೆಯ ಆದೇಶ ಮಾಡಿತು. ಎಲ್ಲ ಮಕ್ಕಳಿಗೂ ಇದು ಹೊಂದುತ್ತದೆಂದು ನಾನು ಹೇಳುವುದಿಲ್ಲ. ಆದರೆ ಗೆದ್ದವರು ಒಬ್ಬರು, ಸೋತವರು ಒಬ್ಬರು ಎಂಬ ಲೆಕ್ಕ ಮಾತ್ರ ಯಾವ ಮಗುವಿಗೂ ಹೊಂದುವುದಿಲ್ಲ.

2013ರಲ್ಲಿ ಕೋರ್ಟಿನ ಮಧ್ಯಸ್ಥಿಕೆ ಕೇಂದ್ರದಲ್ಲಿ ನಾವಿಬ್ಬರೂ ಕೂತು ಬರೆಸಿದ ಒಪ್ಪಂದದಲ್ಲಿ ನನ್ನ ಹೊಸ ವಕೀಲರು ಒಂದೊಂದು ಸಾಲಿಗೂ ಹಟ ಹಿಡಿದರು. 'ಆಗಾಗ ಭೇಟಿಯಾಗಬಹುದು' ಎಂಬ ಮಾತನ್ನು ಹೊಡೆದು ಹಾಕಿಸಿದರು. ಆಗಾಗ ಎಂದರೆ ಜಗಳ ಎಂದರ್ಥ ಎನ್ನುತ್ತಿದ್ದರು. ಯಾವ ವಾರ, ಎಷ್ಟು ಗಂಟೆಗೆ, ಎಲ್ಲಿ ಒಪ್ಪಿಸುವುದು, ಯಾರು ಕರೆತರುವುದು. ದಸರಾ ರಜೆ ಹೇಗೆ ಹಂಚಿಕೆ, ಬೇಸಿಗೆ ರಜೆ ಎಷ್ಟು ದಿನ. ಈ ವರ್ಷ ದೀಪಾವಳಿ ಇಲ್ಲಾದರೆ ಮುಂದಿನ ವರ್ಷ ಅಲ್ಲಿ. ಹುಟ್ಟಿದ ದಿನ ಯಾರ ಜೊತೆ. ವಾರದಲ್ಲಿ ಯಾವ ದಿನ ಫೋನು. ನಿಜವಾಗಿ ಜ್ವರ ಬಂದರೆ ಡಾಕ್ಟರ ಚೀಟಿಯ ಜೊತೆ ಹಿಂದಿನ ದಿನವೇ ತಿಳಿಸುವುದು, ತಪ್ಪಿದ ಭೇಟಿಯನ್ನು ಮುಂದಿನ ವಾರ ತುಂಬಿಕೊಡುವುದು. ಶಾಲೆಯ ಅಂಕಪಟ್ಟಿ ಇಬ್ಬರಿಗೂ. ಫೀಜಿನಲ್ಲಿ ಅವನ ಪಾಲೆಷ್ಟು ಎಂಬುದೂ ಅದರಲ್ಲಿತ್ತು. ಹೀಗೆ ಬರೆದದ್ದರಿಂದ ನಾವು ಮತ್ತೆ ಕೋರ್ಟಿನ ಮೆಟ್ಟಿಲು ಹತ್ತುವುದು ತಪ್ಪಿತು. ಹತ್ತಬೇಕಾಗಿ ಬಂದರೂ ದಾರಿಯಿತ್ತು. ಮಗು ಬೆಳೆದ ಹಾಗೆ, ಪರಿಸ್ಥಿತಿ ಬದಲಾದ ಹಾಗೆ ಇಂಥ ಆದೇಶವನ್ನು ಬದಲಿಸಲು ಕೇಳಬಹುದು. ಅದು ಕಲ್ಲಿನ ಮೇಲಿನ ಶಾಸನವಲ್ಲ.

"ನೀವು ಗಂಡಸರ ಪರ ಮಾತಾಡುತ್ತಿದ್ದೀರಿ" ಎಂದು ಒಬ್ಬ ಗೆಳತಿ ಮುಖ ಸಿಂಡರಿಸಿದಳು. ಇಲ್ಲ. ಹೊಡೆಯುವ ಅಪ್ಪ ಇದ್ದಾನೆ. ಮಗುವಿನ ಮೈ ಮುಟ್ಟುವ ಅಪ್ಪನೂ, ಚಿಕ್ಕಪ್ಪನೂ ಇದ್ದಾರೆ. ಭೇಟಿಯ ನೆಪದಲ್ಲಿ ತಾಯಿಯ ಹಿಂದೆ ಬಿದ್ದು ಅವಳ ಕೆಲಸದ ಜಾಗ, ಮನೆ ಪತ್ತೆ ಮಾಡುವವನಿದ್ದಾನೆ. ಅಂಥ ಕಡೆ 'ಎಷ್ಟಾದರೂ ಅಪ್ಪನಲ್ಲವೇ' ಎಂದು ಮಗುವನ್ನು ಕಳಿಸುವುದು ಪಾಪ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯಿದೆಯ 21ನೆಯ ಸೆಕ್ಷನ್ ಓದಿಸಿಕೊಳ್ಳಿ. ಮಗುವನ್ನು ತಾತ್ಕಾಲಿಕವಾಗಿ ತಾಯಿಯ ಬಳಿ ಇರಿಸುವ ಅಧಿಕಾರ, ಅಪ್ಪನ ಭೇಟಿಯಿಂದ ಮಗುವಿಗೆ ಕೆಡುಕಾಗುವಂತಿದ್ದರೆ ಅದನ್ನು ನಿರಾಕರಿಸುವ ಅಧಿಕಾರ ಎರಡೂ ಮ್ಯಾಜಿಸ್ಟ್ರೇಟರಿಗಿವೆ. ಅಪಾಯ ಅಷ್ಟಿಲ್ಲದಿದ್ದರೂ ಅಂಜಿಕೆ ಇದ್ದರೆ ಕೋರ್ಟಿನ ಆವರಣದಲ್ಲೇ, ಮೂರನೆಯವರ ಕಣ್ಣೆದುರಿಗೇ ಭೇಟಿಯಾಗಲಿ ಎಂದು ಕೇಳಬಹುದು. ಆದರೆ ನಿಜ ಹೇಳಿ ಕೇಳಬೇಕು. ನನ್ನಂಥವಳು ಬರೆಸಿದ ಒಂದೊಂದು ಸುಳ್ಳು ಹೊಡೆತವೂ ನಿಜವಾಗಿ ಹೊಡೆತ ತಿಂದ ಮಗುವಿನ ಮಾತನ್ನು ಯಾರೂ ನಂಬದ ಹಾಗೆ ಮಾಡುತ್ತದೆ.

ಈಗ ವಕೀಲರ ವಿಚಾರ. ಒಂದು ರೇಷ್ಮೆ ಸೀರೆ ಕೊಳ್ಳಲು ಹತ್ತು ಅಂಗಡಿ ಹತ್ತಿ ಇಳಿಯುತ್ತೇವೆ. ಗಂಡು ನೋಡುವಾಗ ಏಳು ತಲೆಮಾರು ವಿಚಾರಿಸುತ್ತೇವೆ. ಮಗುವಿನ ಬದುಕನ್ನು ಕೈಗಿಡುವ ವಕೀಲರನ್ನು ಮಾತ್ರ ಮಾವ ಹೇಳಿದರು, ಭಾವನ ಸ್ನೇಹಿತರು ಎಂದು ಕಣ್ಣು ಮುಚ್ಚಿ ಒಪ್ಪಿಕೊಳ್ಳುತ್ತೇವೆ! ಒಂದು ದಿನ ರಜೆ ಹಾಕಿ. ಬೆಂಗಳೂರು, ಮೈಸೂರಿನಂಥ ಊರಾದರೆ ಕೌಟುಂಬಿಕ ನ್ಯಾಯಾಲಯದ ಹೊರಗಿನ ಬೆಂಚಿನಲ್ಲಿ, ಅದಿಲ್ಲದ ಕಡೆ ಇಂಥ ಕೇಸು ನಡೆಯುವ ಜಿಲ್ಲಾ ನ್ಯಾಯಾಲಯದ ಹಜಾರದಲ್ಲಿ ಕೂತು ಬನ್ನಿ. ಯಾವ ವಕೀಲರು ತಮ್ಮ ಕಕ್ಷಿದಾರಳಿಗೆ ನಿಂತು ವಿವರಿಸುತ್ತಾರೆ, ಯಾರು ಜೂನಿಯರ್ ಕೈಗೆ ಫೈಲು ಕೊಟ್ಟು ಮಾಯವಾಗುತ್ತಾರೆ ಎಂಬುದು ಒಂದು ಬೆಳಗಿನಲ್ಲಿ ಕಾಣುತ್ತದೆ. ಅಲ್ಲಿ ಕಾದು ಕೂತ ಹೆಂಗಸರನ್ನು ಕೇಳಿ. ನಮ್ಮ ಹೆಂಗಸರು ಅಪರಿಚಿತಳಿಗೂ ನಿಜ ಹೇಳುವ ಜಾಗವೆಂದರೆ ಆಸ್ಪತ್ರೆ ಮತ್ತು ಕೋರ್ಟು.

ಆಮೇಲೆ ಇಬ್ಬರು ಮೂವರು ವಕೀಲರನ್ನು ಕಂಡು ನೇರವಾಗಿ ಕೇಳಿ. ಮಕ್ಕಳ ಕೇಸು ನಡೆಸಿದ ಅನುಭವ ಎಷ್ಟು? ಕೋರ್ಟಿಗೆ ನೀವೇ ಬರುತ್ತೀರೋ, ಬೇರೆಯವರನ್ನು ಕಳಿಸುತ್ತೀರೋ? ಫೀಜು ಎಷ್ಟು, ಯಾವ ಯಾವ ಹಂತದಲ್ಲಿ, ರಸೀದಿ ಕೊಡುತ್ತೀರಾ? ಸಹಿಗೆ ಮುಂಚೆ ಕಾಗದದಲ್ಲಿರುವುದನ್ನು ಕನ್ನಡದಲ್ಲಿ ಹೇಳುತ್ತೀರಾ? ಮಧ್ಯಸ್ಥಿಕೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು? ನನ್ನ ಕೇಸಿನಲ್ಲಿ ನನಗೆ ವಿರುದ್ಧವಾಗಿರುವುದು ಯಾವುದು? ಕೊನೆಯ ಪ್ರಶ್ನೆಯೇ ಮುಖ್ಯ. 'ಏನೂ ಇಲ್ಲ' ಎಂದವರ ಕಚೇರಿಯಿಂದ ಎದ್ದು ಬನ್ನಿ. ಗೆಲುವಿನ ಗ್ಯಾರಂಟಿ ಕೊಡುವವರಿಂದ ಎದ್ದು ಬನ್ನಿ. ಬರುವ ಜೀವನಾಂಶದಲ್ಲಿ ಇಷ್ಟು ಪಾಲು ಕೊಡಿ ಎನ್ನುವವರಿಂದ ಖಂಡಿತ ಎದ್ದು ಬನ್ನಿ. ಬಾರ್ ಕೌನ್ಸಿಲಿನ ನಿಯಮಗಳೇ ಅದನ್ನು ನಿಷೇಧಿಸಿವೆ. ವಕೀಲರು ಜಾಹೀರಾತು ಕೊಡುವಂತಿಲ್ಲ, ದಲ್ಲಾಳಿಗಳ ಮೂಲಕ ಕಕ್ಷಿದಾರರನ್ನು ಹಿಡಿಯುವಂತಿಲ್ಲ. ಆದ್ದರಿಂದ ಕೋರ್ಟಿನ ಗೇಟಿನಲ್ಲೇ ಕೈಹಿಡಿದು ಎಳೆಯುವವನ ಹಿಂದೆ ಹೋಗಬೇಡಿ. ಖಾಲಿ ಹಾಳೆಗೆ ಸಹಿ ಬೇಡ. ಸಹಿ ಮಾಡಿದ ಪ್ರತಿಯೊಂದರ ನಕಲು, ಕೇಸಿನ ನಂಬರು ನಿಮ್ಮ ಬೀರುವಿನಲ್ಲಿರಲಿ. ಕೇಸು ಎಲ್ಲಿಗೆ ಬಂತೆಂದು ಇ-ಕೋರ್ಟ್ಸ್ ತಾಣದಲ್ಲಿ ಮೊಬೈಲಿನಿಂದಲೇ ನೋಡಬಹುದು.

ಹಣವಿಲ್ಲ ಎಂದು ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಸೆಕ್ಷನ್ನಿನ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಉಚಿತ ಕಾನೂನು ನೆರವಿನ ಹಕ್ಕಿದೆ, ಆದಾಯ ಎಷ್ಟೇ ಇರಲಿ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಅದರ ಸಮಿತಿ ಇರುತ್ತದೆ. 15100ಕ್ಕೆ ಫೋನು ಮಾಡಿದರೂ ಆಗುತ್ತದೆ. ಉಚಿತ ವಕೀಲರೆಂದರೆ ಕಳಪೆ ಎಂಬ ಮಾತನ್ನು ನನ್ನೆದುರು ಆಡಬೇಡಿ. ನನಗೆ ಸಿಕ್ಕವರು ಎಂಥವರೆಂದು ಹೇಳಿದೆನಲ್ಲ. ಇನ್ನು, ಒಮ್ಮೆ ವಕಾಲತ್ತು ಕೊಟ್ಟರೆ ತಾಳಿ ಕಟ್ಟಿಸಿಕೊಂಡ ಹಾಗಲ್ಲ, ವಕೀಲರನ್ನು ಬದಲಾಯಿಸಬಹುದು. ಫೀಜು ಬಾಕಿಯಿದೆಯೆಂದು ಕಕ್ಷಿದಾರರ ಫೈಲನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂದು ಸುಪ್ರೀಂ ಕೋರ್ಟು 2000ದಲ್ಲಿ ತೀರ್ಪು ಕೊಟ್ಟಿದೆ. ಕೌಟುಂಬಿಕ ನ್ಯಾಯಾಲಯದ ಆದೇಶದ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಹೋಗಲು ಮೂವತ್ತು ದಿನ. ತೌರಿನವರು ಸಭೆ ಸೇರಿ ಮಾತಾಡುವಷ್ಟರಲ್ಲಿ ಅದು ಕಳೆದುಹೋಗುತ್ತದೆ.

ಕೊನೆಯದಾಗಿ, ಎರಡೂ ಕಡೆಯ ಅಜ್ಜಅಜ್ಜಿಯರಿಗೆ ಒಂದು ಮಾತು. ಶಾಲೆಯ ಗೇಟಿನಿಂದ ಮಗುವನ್ನು ಎತ್ತಿಕೊಂಡು ಹೋಗುವುದರಿಂದ ಹಕ್ಕು ಹುಟ್ಟುವುದಿಲ್ಲ. ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿದೆಯೋ ಅಲ್ಲಿನ ಕೋರ್ಟಿನಲ್ಲಿ ಗಾರ್ಡಿಯನ್ಸ್ ಕಾಯಿದೆಯ ಅರ್ಜಿ ನಡೆಯುತ್ತದೆ. ಎತ್ತಿಕೊಂಡು ಹೋದವರ ವಿರುದ್ಧ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಯನ್ನೂ ಹಾಕಬಹುದು. ಇದೆಲ್ಲದರ ನಡುವೆ ಅವರ ತೋಳಿನಿಂದ ಇವರ ತೋಳಿಗೆ ಹೋಗುವ ಮಗು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುವುದನ್ನು ಯಾವ ತೀರ್ಪೂ ನಿಲ್ಲಿಸಲಾರದು.

ಮೊನ್ನೆ ಸೋಮವಾರ ಪಕ್ಕದ ಮನೆಯ ಹುಡುಗಿಯನ್ನು ನಾನೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋದೆ. ರಾಜಿ ಪತ್ರದ ಕರಡನ್ನು ಜೊತೆಗೆ ತಂದಿದ್ದಳು. ಅಲ್ಲಿನವರು ಓದಿ, ಮಗುವಿನ ಪೋಷಣೆಯ ಹಣ ಬಿಟ್ಟ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, "ಇದಕ್ಕೆ ಸಹಿ ಹಾಕಬೇಡಿ" ಎಂದರು. ಹಿಂದಿರುಗುವಾಗ ಆಟೋದಲ್ಲಿ ಅವಳು ಕೇಳಿದಳು: "ಅಕ್ಕಾ, ಹಾಗಾದರೆ ಐದು ತುಂಬಿದರೂ ಏನೂ ಆಗಲ್ವಾ?" "ಹುಟ್ಟಿದ ಹಬ್ಬ ಆಗುತ್ತೆ ಕಣೆ, ಕೇಕ್ ತರಿಸು" ಎಂದೆ. ಅವಳು ಬಂದ ಮೇಲೆ ಮೊದಲ ಸಲ ನಕ್ಕದ್ದನ್ನು ಕಂಡೆ. ಮಗುವಿನ ಅಪ್ಪನನ್ನೂ ಆ ದಿನ ಕರೆಯಬೇಕೋ ಬೇಡವೋ ಎಂಬುದನ್ನು ನಿಜವನ್ನು ಮುಂದಿಟ್ಟುಕೊಂಡು ಯೋಚಿಸು, ನಿನ್ನ ಸಿಟ್ಟನ್ನಲ್ಲ ಎಂದೂ ಹೇಳಿದೆ. ಆಗ ಅವಳು ನಗಲಿಲ್ಲ.

ನನ್ನ ಮಗನಿಗೆ 2024ರಲ್ಲಿ ಹದಿನೆಂಟು ತುಂಬಿತು. ಅವತ್ತಿನಿಂದ ನಮ್ಮ ಒಪ್ಪಂದದ ಕಾಗದ ಅವನನ್ನು ಕಟ್ಟಿಹಾಕುವುದಿಲ್ಲ. ಅವನು ಈಗಲೂ ಎರಡನೆಯ ಭಾನುವಾರ ತಾನೇ ರೈಲು ಹತ್ತಿ ದಾವಣಗೆರೆಗೆ ಹೋಗುತ್ತಾನೆ, ರಾತ್ರಿ ಬರುವಾಗ ಬೆಣ್ಣೆ ಬಿಸ್ಕತ್ತು ತರುತ್ತಾನೆ. ಒಂದು ದಿನ ಅದನ್ನು ತಟ್ಟೆಗೆ ಹಾಕುತ್ತಾ ಸಹಜವಾಗಿ ಕೇಳಿದ: "ಅಮ್ಮಾ, ಆಗ ನನಗೆ ಮೂರು ಸಲ ಜ್ವರ ಬಂದಿತ್ತಲ್ಲ, ಯಾಕೆ ಹಾಗೆ ಹೇಳಿದೆ?" ಎಲ್ಲವನ್ನೂ ಹೇಳಿದೆ. ವಕೀಲರ ಮೇಲೆ ಹಾಕಲಿಲ್ಲ, ಮಾವನ ಮೇಲೆ ಹಾಕಲಿಲ್ಲ. ಅವನು ಕೇಳಿಸಿಕೊಂಡ, ಬಿಸ್ಕತ್ತು ತಿಂದ, ಎದ್ದು ಹೋದ. ಕ್ಷಮಿಸಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಇವತ್ತು ಗೇಟಿನ ಹತ್ತಿರ ನಿಂತು ಜ್ವರದ ಮಾತು ಹೇಳಲು ಹೊರಟಿರುವ ತಂಗಿಯರೇ, ಇಂದಲ್ಲ ನಾಳೆ ಇದೇ ಪ್ರಶ್ನೆ ನಿಮ್ಮ ಮನೆಯ ಊಟದ ತಟ್ಟೆಯ ಮುಂದೆಯೂ ಬಂದು ಕೂರುತ್ತದೆ. ಅವತ್ತು ಹೇಳಬೇಕಾದ ಉತ್ತರವನ್ನು ಇವತ್ತೇ ಯೋಚಿಸಿಕೊಂಡು, ಆಮೇಲೆ ಗೇಟಿಗೆ ಹೋಗಿ.